ಹಕ್ಕಿಗಳ ಮಹಾಸಭೆ

ಮನುಷ್ಯರ ಬಾಯಲ್ಲಿ ಆಡಿಸಲಾಗದ ಮಾತನ್ನು ಹಕ್ಕಿಗಳ ಕೊಕ್ಕಿನಿಂದ ಆಡಿಸಬಹುದು. ಆಂಗ್ಲ ಕವಿ ಜೆಫ್ರಿ ಚಾಸರನು 1380ರ ಆಸುಪಾಸಿನಲ್ಲಿ ರಚಿಸಿದ ‘ಪಾರ್ಲಮೆಂಟ್ ಆಫ್ ಫೌಲ್ಸ್’ ಎಂಬ ಸುಮಾರು 700 ಸಾಲುಗಳ ಕಾವ್ಯವು ಇದಕ್ಕೆ ಸೊಗಸಾದ ನಿದರ್ಶನ. ಚಾಸರನು ಲಂಡನ್ನಿನ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಮಗ. ಅರಮನೆಯ ಊಳಿಗದಲ್ಲಿ ಬೆಳೆದು, 1374ರಲ್ಲಿ ಸುಂಕದ ಅಧಿಕಾರಿಯಾದವನು. ಮೇಲಿನವರ ನಯವನ್ನೂ ಕೆಳಗಿನವರ ನೇರ ನುಡಿಯನ್ನೂ ಆತನು ಬಲ್ಲನು.

ಕಥೆ ನಡೆಯುವುದು ಕನಸಿನಲ್ಲಿ. ಸಂತ ವ್ಯಾಲೆಂಟೈನನ ದಿನ ಸಂಗಾತಿಗಳನ್ನು ಆರಿಸಿಕೊಳ್ಳಲು ಹಕ್ಕಿಗಳೆಲ್ಲ ಪ್ರಕೃತಿದೇವಿಯ ಮುಂದೆ ನೆರೆದಿವೆ. ಅವು ಕುಳಿತ ಕ್ರಮವನ್ನು ಗಮನಿಸಬೇಕು. ಬೇಟೆಯ ಹಕ್ಕಿಗಳು ಎಲ್ಲಕ್ಕಿಂತ ಎತ್ತರದಲ್ಲಿ. ಅನಂತರ ಹುಳು ತಿನ್ನುವ ಸಣ್ಣ ಹಕ್ಕಿಗಳು. ಕಾಳು ತಿನ್ನುವವು ಹುಲ್ಲಿನ ಮೇಲೆ. ನೀರುಹಕ್ಕಿಗಳು ತೀರ ತಗ್ಗಿನಲ್ಲಿ. ಅಂದಿನ ಇಂಗ್ಲೆಂಡಿನ ಸಮಾಜದ ಅಂತಸ್ತುಗಳೇ ಇಲ್ಲಿ ರೆಕ್ಕೆ ತೊಟ್ಟು ಬಂದಿವೆ.

ಮೊದಲ ಸರದಿ ಕುಲೀನರದು. ಒಂದೇ ಹೆಣ್ಣು ಗರುಡಕ್ಕಾಗಿ ಮೂರು ಗಂಡು ಗರುಡಗಳು ವಾದಕ್ಕಿಳಿಯುತ್ತವೆ. ಬೆಳಗಿನಿಂದ ಸೂರ್ಯಾಸ್ತದವರೆಗೆ ಭಾಷಣವೇ ಭಾಷಣ! ಅದು ಮುಗಿಯದೆ ಉಳಿದವರಿಗೆ ಜೋಡಿಯಿಲ್ಲ. ಕೆಳಗಿನವರ ತಾಳ್ಮೆ ಕೆಡುತ್ತದೆ. ಆಗ ದೇವಿಯು ಒಂದೊಂದು ಗುಂಪಿನಿಂದ ಒಬ್ಬೊಬ್ಬ ಪ್ರತಿನಿಧಿ ಮಾತನಾಡಲೆಂದು ಅಪ್ಪಣೆ ಕೊಡುತ್ತಾಳೆ. ಅವಳು ಒಲಿಯದಿದ್ದರೆ ಅವನು ಬೇರೊಬ್ಬಳನ್ನು ಪ್ರೀತಿಸಲಿ ಎನ್ನುತ್ತದೆ ಹೆಬ್ಬಾತು. ಬಾತು ಅದಕ್ಕೆ ದನಿಗೂಡಿಸುತ್ತದೆ. ತನಗೆ ತನ್ನ ಜೋಡಿ ದೊರೆತರೆ ಸಾಕು, ಗರುಡಗಳು ಒಂಟಿಯಾಗಿಯೇ ಇರಲಿ ಎಂಬುದು ಕೋಗಿಲೆಯ ತೀರ್ಪು. ಆದರೆ ಕೆಳಗಿನವರೆಲ್ಲರೂ ಒಂದೇ ಬಗೆಯವರಲ್ಲ. ಸಾಯುವವರೆಗೂ ನಿಷ್ಠೆ ಬಿಡಬಾರದೆಂದು ಬೆಳವದ ಹಕ್ಕಿ ನಾಚುತ್ತ ನುಡಿಯುತ್ತದೆ.

ಇದಕ್ಕೆ ಮೇಲಿನವರ ಉತ್ತರವೇನು? ಸಂಸ್ಕಾರದ ಮುಸುಕು ಕ್ಷಣದಲ್ಲಿ ಕಳಚುತ್ತದೆ. ಬಾತಿನ ಮಾತು ತಿಪ್ಪೆಯಿಂದ ಎದ್ದುಬಂದುದೆಂದು ಡೇಗೆ ಹಳಿಯುತ್ತದೆ. ಕೋಗಿಲೆಯನ್ನು ಸಾಕಿದವರನ್ನೇ ಕೊಂದ ಪಾತಕಿಯೆಂದು ಗಿಡುಗ ಜರೆಯುತ್ತದೆ. ವಾದಕ್ಕೆ ಪ್ರತಿವಾದವಿಲ್ಲ, ಹುಟ್ಟನ್ನು ಎತ್ತಿ ಆಡುವ ನಿಂದೆ ಮಾತ್ರ. ಡೇಗೆಯ ಬೈಗುಳದಲ್ಲಿ ಬರುವ ‘ಚರ್ಲ್’ ಎಂಬ ಪದ ಅಂದು ಕೀಳು ಕುಲದ ಹಳ್ಳಿಗನಿಗೆ ಸಲ್ಲುತ್ತಿದ್ದುದು. ಅಂಥ ಹಳ್ಳಿಗರೇ 1381ರಲ್ಲಿ ತಲೆಗಂದಾಯದಿಂದ ಕೆರಳಿ ದಂಗೆಯೆದ್ದರು. ಲಂಡನ್ನಿಗೆ ನುಗ್ಗಿ, ಜೀತ ತೊಲಗಬೇಕೆಂದು ದೊರೆಯನ್ನೇ ಕೇಳಿದರು. ಆಗ ಚಾಸರನ ವಾಸ ಆ ನಗರದ ಆಲ್ಡ್‌ಗೇಟ್ ಎಂಬ ಕೋಟೆಬಾಗಿಲ ಮೇಲಣ ಮನೆಯಲ್ಲಿ.

ಕವಿಯು ತನ್ನ ಸಭೆಯಲ್ಲಿ ಅಂತಸ್ತುಗಳನ್ನು ಅಳಿಸಲಿಲ್ಲ. ಆದರೆ ತಗ್ಗಿನಲ್ಲಿ ಕುಳಿತವರಿಗೂ ಬಾಯಿ ಕೊಟ್ಟನು. ಕೊನೆಗೆ ಪ್ರಕೃತಿದೇವಿಯು ಆಯ್ಕೆಯನ್ನು ಹೆಣ್ಣು ಗರುಡಕ್ಕೇ ಬಿಡುತ್ತಾಳೆ. ಅದು ಒಂದು ವರ್ಷದ ಗಡುವನ್ನು ಬೇಡುತ್ತದೆ. ಉಳಿದ ಹಕ್ಕಿಗಳು ಜೋಡಿಗೂಡಿ, ಬೇಸಿಗೆಯನ್ನು ಸ್ವಾಗತಿಸಿ ಹಾಡಿ ಹಾರಿಹೋಗುತ್ತವೆ. ಒಂಟಿಯಾಗಿ ಉಳಿದವು, ಎತ್ತರದಲ್ಲಿ ಕುಳಿತಿದ್ದ ಆ ಗರುಡಗಳೇ.