ಕೆರೆಗಾಗಿ ಬರೆದ ಕಾವ್ಯ

ಹಿರೇಬೆಣಕಲ್ಲಿನ ಬಂಡೆಯಾಸರೆಗಳಲ್ಲಿ ಕೆಂಪು ಕಾವಿಯಿಂದ ಚಿತ್ರ ಬರೆದ ಪ್ರಾಚೀನರಿಂದ ಮೊದಲ್ಗೊಂಡು ಇಂದಿನ ನಾಗರಿಕನವರೆಗಿನ ದೀರ್ಘಯಾತ್ರೆಯನ್ನು ವರ್ಣಿಸುವವರು, ಕಲ್ಲು ಕಂಚು ಕಬ್ಬಿಣಗಳೆಂಬ ಉಪಕರಣಗಳ ಲೆಕ್ಕದಿಂದಲೇ ಯುಗಗಳನ್ನು ಎಣಿಸುತ್ತ ಬಂದಿದ್ದಾರೆ. ಮನುಷ್ಯನ ಏಳಿಗೆಗೆ ಬೇರೊಂದು ಅಳತೆಯೂ ಉಂಟೆಂಬುದನ್ನು ಕಾಣಬಯಸುವವರು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಬರಬೇಕು.

ಈ ಸೀಮೆಗೆ ದೂರವಲ್ಲದ, ತುಂಗಭದ್ರೆಯ ತಡಿಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು 1965ರಲ್ಲಿ ನಡೆಸಿದ ಉತ್ಖನನದಿಂದ, ಕಲ್ಲುಕೊಡಲಿಯ ಜನರು ಅಲ್ಲಿ ದುಂಡು ಮನೆಗಳನ್ನು ಕಟ್ಟಿ ನೆಲೆನಿಂತದ್ದೂ, ಕ್ರಿ.ಪೂ. 1000ದ ಸುಮಾರಿಗೆ ಕಬ್ಬಿಣವು ಬಳಕೆಗೆ ಬಂದದ್ದೂ ತಿಳಿದುಬಂದಿತು. ಆದರೆ ಆ ಕೈಗಳ ಕುಶಲತೆಯನ್ನು ಬಲ್ಲೆವಲ್ಲದೆ ಆ ಜನರ ಒಂದು ಮಾತನ್ನೂ ನಾವು ಕೇಳಲಾರೆವು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಎಂಟು ಪಟ್ಟೆಯ ಕಂಬವಾದರೋ ಮಾತನಾಡುತ್ತದೆ. ಅದರ ಅಕ್ಷರಪಂಕ್ತಿಗಳು ಅಡ್ಡಲಾಗಿ ಹರಿಯದೆ ಬುಡದಿಂದ ಮೇಲಕ್ಕೆ ಏರುವುದರಿಂದ, ಓದುವವನು ಕತ್ತನ್ನು ಓರೆಮಾಡಿಯೇ ನಿಲ್ಲಬೇಕು. ತಾತನಾದ ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು, ಅಲ್ಲಿ ಪಲ್ಲವರ ಕುದುರೆಸವಾರನೊಡನೆ ನಡೆದ ಕಲಹದಿಂದ ನೊಂದು, ದರ್ಭೆ ಸಮಿತ್ತುಗಳನ್ನು ಹಿಡಿದ ಕೈಯಲ್ಲಿಯೇ ಖಡ್ಗವನ್ನು ಹಿಡಿದು ರಾಜ್ಯವನ್ನು ಸ್ಥಾಪಿಸಿದ ವೃತ್ತಾಂತವನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅವರು ಅರಿಯದಿರುವುದು, ನನ್ನ ಮಟ್ಟಿಗೆ ಅತ್ಯಂತ ಹಿರಿದಾದುದು, ಆ ಕಂಬದ ಮೇಲಿನ ಕಾವ್ಯದ ನಿಮಿತ್ತ. ಮಯೂರಶರ್ಮನ ವಂಶದ ಅರಸನಾದ ಶಾಂತಿವರ್ಮನ ಆಜ್ಞೆಯಂತೆ ಕುಬ್ಜಕವಿಯು ತಾನೇ ರಚಿಸಿ, ತಾನೇ ಶಿಲೆಯ ಮೇಲೆ ಬರೆದ ಈ ಕಾವ್ಯವು ಯುದ್ಧವಿಜಯದ ಸ್ಮಾರಕವಲ್ಲ. ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ ಶಿವಾಲಯದ ಬಳಿ ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ಸ್ಮಾರಕ! ವಂಶದ ಕೀರ್ತಿ, ಖಡ್ಗದ ಕಥೆ ಎಲ್ಲವೂ ನೀರಿಗೆ ಪೀಠಿಕೆ. ಬಂಡೆಯಾಸರೆಯ ಪ್ರಾಚೀನನು ತೊರೆಯನ್ನು ಹುಡುಕಿಕೊಂಡು ಹೋದನು. ಕೆರೆ ಕಟ್ಟಿದ ಇವರು ಮಳೆಯನ್ನು ತಡೆದು ನಿಲ್ಲಿಸಿ, ಇನ್ನೂ ಹುಟ್ಟದ ಪೀಳಿಗೆಗೂ ಅದರಲ್ಲಿ ಪಾಲಿಟ್ಟರು. ಮಯೂರಶರ್ಮನ ಖಡ್ಗಕ್ಕಿಂತ ಈ ಕೆರೆಯೇ ದೊಡ್ಡದೆಂದು ನಾನು ನಂಬುತ್ತೇನೆ.

ಈ ಊರಿನಲ್ಲಿ ಕೇಳಿಬರುವುದು ಆ ಕಂಬದ ಮಾತೊಂದೇ ಅಲ್ಲ. ಇದೇ ದೇವಾಲಯದ ಆವರಣದಲ್ಲಿ 2013ರ ಉತ್ಖನನದಿಂದ ದೊರೆತ ಸಿಂಹಕಟಾಂಜನ ಎಂಬ ಹೆಸರಿನ ಶಾಸನವನ್ನು ಪುರಾತತ್ತ್ವ ಇಲಾಖೆಯವರು ಕ್ರಿ.ಶ. 370ರ ಸುಮಾರಿನದೆಂದು ಎಣಿಸಿ, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡವನ್ನು ಅದರಲ್ಲಿ ಗುರುತಿಸಿದ್ದಾರೆ.

ತಾಳಗುಂದದ ಹಿಂದಿನ ಹೆಸರು ಸ್ಥಾಣಕುಂದೂರು. ಆ ಅಗ್ರಹಾರದಲ್ಲಿ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದು ದಿಟ. ಆ ಕೊರತೆಯನ್ನು ಮರೆಮಾಚಿ ಹೊಗಳುವುದು ತರವಲ್ಲ. ಆದರೂ ಹನ್ನೆರಡನೆಯ ಶತಮಾನದ ಇಲ್ಲಿಯ ಶಾಸನವು ವೇದಗಳನ್ನು ಹೇಳಿಕೊಡುವವರ ಜೊತೆಗೇ ಕನ್ನಡದ ಅಕ್ಷರ ಕಲಿಸುವ ಉಪಾಧ್ಯಾಯನಿಗೂ, ವಿದ್ಯಾರ್ಥಿಗಳ ಊಟಕ್ಕೂ, ಅದನ್ನು ಬೇಯಿಸುವ ಅಡಿಗೆಯವರಿಗೂ ಏರ್ಪಾಡು ಮಾಡಿದೆ.