ಬೆಳ್ಳಿಯ ಲವಣ ಬರೆದ ಮಿದುಳಿನ ಚಿತ್ರ

ಇಟಲಿಯ ಮಿಲಾನ್ ನಗರಕ್ಕೆ ಅನತಿದೂರದಲ್ಲಿ ಅಬ್ಬಿಯಾತೆಗ್ರಾಸ್ಸೋ ಎಂಬುದೊಂದು ಸಣ್ಣ ಊರು. ಅಲ್ಲಿಯ ದೀರ್ಘರೋಗಿಗಳ ಆಸ್ಪತ್ರೆಗೆ 1872ರಲ್ಲಿ ಕಮಿಲೋ ಗಾಲ್ಜಿ ಎಂಬ ತರುಣ ವೈದ್ಯನು ಮುಖ್ಯಾಧಿಕಾರಿಯಾಗಿ ಬಂದನು. ಅಲ್ಲಿ ಪ್ರಯೋಗಶಾಲೆ ಇರಲಿಲ್ಲ. ಆದರೆ ಕುತೂಹಲಕ್ಕೆ ಕೊರತೆ ಇರಲಿಲ್ಲ. ಅಡಿಗೆಮನೆಯೊಂದರಲ್ಲಿಯೇ ಸೂಕ್ಷ್ಮದರ್ಶಕವನ್ನಿರಿಸಿಕೊಂಡು ಅವನು ಮಿದುಳಿನ ರಚನೆಯನ್ನು ಅರಸತೊಡಗಿದನು.

ಈ ಕೆಲಸ ಸುಲಭವಾದುದಲ್ಲ. ಮಿದುಳು ಗಟ್ಟಿ ಮೊಸರಿನಂತೆ ಮೃದು. ಹಾಗೆಯೇ ಕತ್ತರಿಸಹೋದರೆ ಮುದ್ದೆಯಾಗುತ್ತದೆ. ರಾಸಾಯನಿಕ ದ್ರವದಲ್ಲಿ ನೆನೆಸಿ ಗಟ್ಟಿಮಾಡಿ, ತೆಳುವಾದ ಪದರಗಳಾಗಿ ಸೀಳಿ ನೋಡಿದರೂ ಬಣ್ಣವಿಲ್ಲದೆ ಏನೊಂದೂ ಸ್ಪಷ್ಟವಾಗದು. ಅಂದು ಬಳಕೆಯಲ್ಲಿದ್ದ ಬಣ್ಣಗಳನ್ನು ಹಾಕಿದರೆ ಜೀವಕೋಶಗಳ ಒಡಲೇನೋ ಕಾಣುತ್ತಿತ್ತು. ಅವುಗಳಿಂದ ಹೊರಟ ಎಳೆಗಳು ಮಾತ್ರ ಸ್ವಲ್ಪ ದೂರದಲ್ಲಿಯೇ ಕಣ್ಮರೆಯಾಗುತ್ತಿದ್ದವು. ಒಂದೇ ಚಪ್ಪರಕ್ಕೆ ಹಬ್ಬಿದ ನೂರು ಮಲ್ಲಿಗೆಯ ಬಳ್ಳಿಗಳಲ್ಲಿ ಯಾವ ಕುಡಿ ಯಾವ ಬುಡದ್ದೆಂದು ಹೇಳುವುದು ಹೇಗೆ?

ಉತ್ತರ ದೊರೆತುದು ಬೆಳ್ಳಿಯಿಂದ. ಗಾಲ್ಜಿಯು ಮಿದುಳಿನ ತುಣುಕನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ ಗಟ್ಟಿಮಾಡಿ, ಅನಂತರ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಮುಳುಗಿಸಿದನು. ಇವೆರಡೂ ಕೂಡಿ ಉಂಟಾದ ಸಿಲ್ವರ್ ಕ್ರೋಮೇಟು ಕೆಲವು ಕೋಶಗಳೊಳಗೆ ಮಾತ್ರ ತುಂಬಿಕೊಂಡಿತು. ಹಳದಿಯ ಹಿನ್ನೆಲೆಯ ಮೇಲೆ ಬುಡದಿಂದ ಕವಲಿನ ತುದಿಯವರೆಗೆ ಕಪ್ಪುಮಸಿಯಲ್ಲಿ ಬರೆದಂತೆ ಇಡೀ ಕೋಶವೇ ಎದ್ದುನಿಂತಿತು! ‘ಕಪ್ಪು ಪ್ರತಿಕ್ರಿಯೆ’ ಎಂದು ಹೆಸರಾದ ಈ ವಿಧಾನವು ಪ್ರಕಟವಾದುದು 1873ರಲ್ಲಿ. ನೂರರಲ್ಲಿ ಕೆಲವೇ ಕೋಶಗಳು ಬಣ್ಣ ಹಿಡಿಯುವುದೇ ಇದರ ಹಿರಿಮೆ. ಎಲ್ಲವೂ ಕಪ್ಪಾಗಿದ್ದರೆ ಕತ್ತಲೆಯೊಂದೇ ಉಳಿಯುತ್ತಿತ್ತು.

ತಾನು ಕಂಡುದರಿಂದ ಗಾಲ್ಜಿಯು ಒಂದು ತೀರ್ಮಾನಕ್ಕೆ ಬಂದನು: ನೀಳವಾದ ನರತಂತುಗಳೆಲ್ಲ ಒಂದರೊಡನೊಂದು ಬೆಸೆದು, ಮಿದುಳೆಲ್ಲವೂ ಒಂದೇ ಅಖಂಡವಾದ ಬಲೆಯಾಗಿದೆ.

ಇತ್ತ ಸ್ಪೇನಿನಲ್ಲಿ ಸಾಂಟಿಯಾಗೋ ರಮೋನ್ ಇ ಕಹಾಲ್ ಎಂಬೊಬ್ಬ ಅಧ್ಯಾಪಕನಿದ್ದನು. ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂದು ಹಂಬಲಿಸಿ, ವೈದ್ಯನಾದ ತಂದೆಯ ಒತ್ತಾಯಕ್ಕೆ ಮಣಿದು ವೈದ್ಯವನ್ನು ಕಲಿತವನು. 1887ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಗಾಲ್ಜಿಯ ವಿಧಾನದಿಂದ ಸಿದ್ಧವಾದ ಸ್ಲೈಡನ್ನು ಕಂಡು ಮಾರುಹೋದನು. ಬೆಳ್ಳಿಯ ಸಂಸ್ಕಾರವನ್ನು ಎರಡು ಬಾರಿ ಕೊಟ್ಟು ಆ ವಿಧಾನವನ್ನು ತಿದ್ದಿದನು. ಬೆಳೆದ ಪ್ರಾಣಿಗಳ ಬದಲು ಭ್ರೂಣಗಳನ್ನೂ ಎಳೆಯ ಪ್ರಾಣಿಗಳನ್ನೂ ಆಯ್ದುಕೊಂಡನು. ಎಳೆಯದರಲ್ಲಿ ನರತಂತುಗಳಿಗೆ ಕೊಬ್ಬಿನ ಹೊದಿಕೆ ಇನ್ನೂ ಬಂದಿರುವುದಿಲ್ಲವಾದ್ದರಿಂದ ಬೆಳ್ಳಿಯು ತಡೆಯಿಲ್ಲದೆ ಹಿಡಿಯುತ್ತದೆ. ಹೀಗೆ ನೋಡಿದಾಗ ಎಳೆಗಳ ತುದಿಗಳು ಮತ್ತೊಂದು ಕೋಶದ ಬಳಿಸಾರಿ ನಿಲ್ಲುತ್ತಿದ್ದವು, ಬೆಸೆಯುತ್ತಿರಲಿಲ್ಲ. ಪ್ರತಿಯೊಂದು ಕೋಶವೂ ಸ್ವತಂತ್ರ ವ್ಯಕ್ತಿ ಎಂದು 1888ರಲ್ಲಿ ಅವನು ಸಾರಿದನು. 1891ರಲ್ಲಿ ಜರ್ಮನಿಯ ವಾಲ್ಡೆಯರ್ ಆ ಕೋಶಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟನು.

1906ರಲ್ಲಿ ನೊಬೆಲ್ ಪಾರಿತೋಷಕವು ಇಬ್ಬರಿಗೂ ಹಂಚಿಹೋಯಿತು. ಡಿಸೆಂಬರ್ 11ರಂದು ಗಾಲ್ಜಿಯು ತನ್ನ ಭಾಷಣದಲ್ಲಿ ನ್ಯೂರಾನ್ ಸಿದ್ಧಾಂತವನ್ನೇ ಖಂಡಿಸಿದನು. ಮರುದಿನ ಅದೇ ಸ್ಟಾಕ್‌ಹೋಮಿನಲ್ಲಿ ಕಹಾಲನು ಆ ಸಿದ್ಧಾಂತವನ್ನು ಸಮರ್ಥಿಸಿ ಮಾತನಾಡಿದನು. ಒಂದೇ ವಿಧಾನ, ಒಂದೇ ಪಾರಿತೋಷಕ. ತೀರ್ಮಾನ ಮಾತ್ರ ಉತ್ತರ-ದಕ್ಷಿಣ!

ನಿರ್ಣಾಯಕವಾದ ಸಾಕ್ಷ್ಯ ದೊರೆಯುವ ವೇಳೆಗೆ ಇಬ್ಬರೂ ಗತಿಸಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಎರಡು ನರಕೋಶಗಳ ನಡುವಣ ಕಿರುಬಿರುಕನ್ನು ಕಣ್ಣಿಗೆ ಕಾಣಿಸಿತು. ಅದರ ಅಗಲ ಮಿಲಿಮೀಟರಿನ ಸುಮಾರು 50,000ದಲ್ಲೊಂದು ಪಾಲು. ಕೆಲವೆಡೆ ಕೋಶಗಳ ನಡುವೆ ನೇರವಾದ ಕಿರುದಾರಿಗಳೂ ಇವೆಯೆಂದು ಮುಂದೆ ತಿಳಿದುಬಂದಿತಾದರೂ ಮೂಲತಃ ಗೆದ್ದುದು ಕಹಾಲನ ಮಾತೇ. ಮನೋರೋಗಗಳಿಗೆ ಇಂದು ಕೊಡುವ ಔಷಧಿಗಳಲ್ಲಿ ಅನೇಕವು ತಮ್ಮ ಪ್ರಭಾವವನ್ನು ಬೀರುವುದು ಆ ಬಿರುಕಿನ ಆಸುಪಾಸಿನಲ್ಲಿಯೇ.

ವಾಚಕರು ಈ ಸಾಲನ್ನು ಓದುತ್ತಿರುವಾಗಲೂ ತಲೆಯೊಳಗಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಅಸಂಖ್ಯಾತ ಕೋಶಗಳು ಆ ಬಿರುಕುಗಳನ್ನು ದಾಟಿ ಸಂದೇಶಗಳನ್ನು ಕಳುಹಿಸುತ್ತಿವೆ. ಅವುಗಳ ಪೂರ್ಣರೂಪವನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟವನು ಗಾಲ್ಜಿ. ತಾನು ಹಚ್ಚಿದ ದೀಪದ ಬೆಳಕಿನಲ್ಲಿ ಮತ್ತೊಬ್ಬನು ಕಂಡ ಸತ್ಯವನ್ನು ಕೊನೆಯವರೆಗೂ ಒಪ್ಪದೆಹೋದವನೂ ಅವನೇ.