ಗಿಟಾರಿನ ‘ಗುಂಯ್’ ನಿಲ್ಲಿಸಲು ಅರ್ತಿಂಗ್ ಕೀಳಬೇಡಿ

ನಮ್ಮ ಕರಾವಳಿಯ ಹುಡುಗರು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿರುವುದು ಹೊಸ ಸಂಗತಿಯಲ್ಲ. ಈಗ ಅವರ ರೂಮಿನೊಳಗೆ ಹೋಗಿ ನೋಡಿದರೆ ಒಂದು ಲ್ಯಾಪ್‌ಟಾಪ್, ಒಂದು ಮೈಕು, ಮೂಲೆಯಲ್ಲೊಂದು ಗಿಟಾರು ಇರುವುದೂ ಉಂಟು. ಸರ್ವಜ್ಞನಗರ ಕಡೆಯ ಕಮ್ಮನಹಳ್ಳಿಯಲ್ಲಿ ಬಾಡಿಗೆಗಿರುವ ನನ್ನ ಅಕ್ಕನ ಮಗನದ್ದೂ ಇದೇ ಕಥೆ. ಕಣ್ಣಿನ ಚಿಕಿತ್ಸೆಗೆಂದು ನಮ್ಮ ಉಮ್ಮ ಅವನಲ್ಲಿ ಹತ್ತು ದಿನ ಇದ್ದರು. ಉಮ್ಮನಿಗೆ ಹಳೆಯ ಮದುವೆ ಹಾಡುಗಳು ಬಾಯಿಗೇ ಬರುತ್ತವೆ, ಬರೆದಿಟ್ಟವರು ಯಾರೂ ಇಲ್ಲ. ಮೊಮ್ಮಗ ಮೆಲ್ಲಗೆ ಗಿಟಾರ್ ನುಡಿಸುತ್ತಾ ಅವರಿಂದ ನಾಲ್ಕು ಹಾಡು ಹಾಡಿಸಿ ಕಂಪ್ಯೂಟರಿನಲ್ಲಿ ರೆಕಾರ್ಡು ಮಾಡಿದ.

ಕೇಳಿ ನೋಡಿದರೆ ಹಾಡಿನ ಅಡಿಯಲ್ಲಿ ಉದ್ದಕ್ಕೂ ಒಂದು ‘ಗುಂಯ್’. ಸಾಫ್ಟ್‌ವೇರ್ ಹಾಕಿ ಅದನ್ನು ತೆಗೆದ. ಗುಂಯ್ ಹೋಯಿತು, ಜೊತೆಗೆ ಉಮ್ಮನ ಸ್ವರದ ಜೀವವೂ ಹೋಯಿತು. ನೀರಿನೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಆಗ ರೂಮಿನ ಗೆಳೆಯನೊಬ್ಬ, “ಚಾರ್ಜರಿನ ಮೂರನೇ ಪಿನ್ ಮುರಿದು ಹಾಕು, ಶಬ್ದ ನಿಲ್ಲುತ್ತದೆ” ಎಂದನಂತೆ. ಈ ಲೇಖನ ಬರೆಯಲು ಕಾರಣವೇ ಆ ಒಂದು ಮಾತು.

ಮೊದಲು ಶಬ್ದ ಯಾವುದೆಂದು ಗುರುತಿಸಬೇಕು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಬರುವ ದಪ್ಪ ‘ಗುಂಯ್’ ಒಂದು ಬಗೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಡಿಮ್ಮರ್, ಕೆಲವು ಎಲ್‌ಇಡಿ ಬಲ್ಬುಗಳಿಂದ ಬರುವ ಚೂಪಾದ ‘ಝುಂಯ್’ ಇನ್ನೊಂದು. ಮೌಸ್ ಅಲ್ಲಾಡಿಸಿದಾಗ ಏರಿಳಿಯುವ ‘ಕೀಂಯ್’ ಕಂಪ್ಯೂಟರಿನದ್ದೇ. ‘ಸ್ಸ್’ ಎಂದು ಉಸಿರೆಳೆದ ಹಾಗೆ ಕೇಳಿದರೆ ಗೇನ್ ಜಾಸ್ತಿಯಾಗಿದೆ. ‘ಚಟ್ ಚಟ್’ ಎಂದು ಕಡಿದು ಕಡಿದು ಬಂದರೆ ಒಂದೋ ಕೇಬಲ್ ಸಡಿಲ, ಇಲ್ಲವೇ ಕಂಪ್ಯೂಟರಿಗೆ ಉಸಿರು ಸಿಕ್ಕುತ್ತಿಲ್ಲ. ಎಲ್ಲದಕ್ಕೂ ಒಂದೇ ಮದ್ದು ಹಾಕಿದರೆ ಗುಣವಾಗುವುದಿಲ್ಲ ಮಾರಾಯ್ರೆ.

ಹುಡುಕುವ ಕ್ರಮವೂ ಸುಲಭ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಿವಿ ಕೊಡಿ. ಗಿಟಾರಿನ ವಾಲ್ಯೂಮ್ ತಿರುಪನ್ನು ಸೊನ್ನೆಗೆ ತನ್ನಿ. ಶಬ್ದ ನಿಂತರೆ ಅದು ಗಿಟಾರಿನ ಪಿಕಪ್ ಮೂಲಕ ಬರುತ್ತಿದೆ. ನಿಲ್ಲದಿದ್ದರೆ ಕೇಬಲ್, ಇಂಟರ್‌ಫೇಸ್ ಅಥವಾ ಕಂಪ್ಯೂಟರಿನ ಕಡೆ ನೋಡಬೇಕು. ಕೇಬಲ್ ಬದಲಿಸಿ ನೋಡಿ. ಆಮೇಲೆ ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ. ಶಬ್ದ ಮಾಯವಾದರೆ ತೊಂದರೆ ಚಾರ್ಜರಿನ ಅಥವಾ ಅರ್ತಿಂಗಿನ ದಾರಿಯಲ್ಲಿದೆ. ಕೊನೆಗೆ ಫ್ಯಾನು, ಲೈಟು ಒಂದೊಂದೇ ಆರಿಸಿ ನೋಡಿ. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಶಬ್ದ ಹೆಚ್ಚಾಗುತ್ತದೆಯೇ? ಹಳೆಯ ಬಗೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟು ಒರಟು. ಆ ಹೊತ್ತು ರೆಕಾರ್ಡು ಮಾಡದಿರುವುದೇ ಒಳ್ಳೆಯದು.

ಪಿಕಪ್ ಎಂದರೆ ಆಯಸ್ಕಾಂತಕ್ಕೆ ಸುತ್ತಿದ ತೆಳು ತಂತಿಯ ಸುರುಳಿ. ಗಿಟಾರಿನ ತಂತಿಯ ಕಂಪನವನ್ನು ಹಿಡಿಯುವ ಹಾಗೆಯೇ ಅದು ಸುತ್ತಲಿನ ಕರೆಂಟಿನ ಕಂಪನವನ್ನೂ ಹಿಡಿಯುತ್ತದೆ. ಇದಕ್ಕೆ ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಎಂಬವರು 1955ರಲ್ಲಿ ಒಂದು ಉಪಾಯ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದರು. ಒಂದರ ಬದಲು ಎರಡು ಸುರುಳಿ. ಹೊರಗಿನ ಗುಂಯ್ ಎರಡರಲ್ಲೂ ಒಂದಕ್ಕೊಂದು ವಿರುದ್ಧವಾಗಿ ಬಂದು ವಜಾ ಆಗುತ್ತದೆ, ತಂತಿಯ ನಾದ ಉಳಿಯುತ್ತದೆ. ಅದೇ ಹಂಬಕರ್. ಒಂಟಿ ಸುರುಳಿಯ ಗಿಟಾರ್ ಇದ್ದವರು ಕುರ್ಚಿಯಲ್ಲೇ ಕೂತು ನಿಧಾನ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಗುಂಯ್ ಬಹಳ ತಗ್ಗುತ್ತದೆ. ಅಲ್ಲೇ ಕೂತು ನುಡಿಸಿ. ಕಂಪ್ಯೂಟರ್, ಚಾರ್ಜರ್, ವೈಫೈ ಪೆಟ್ಟಿಗೆಯಿಂದ ಒಂದೆರಡು ಮೀಟರ್ ದೂರ ಇರಲಿ. ಫೋನು ಮೊಣಕಾಲ ಮೇಲೆ ಬೇಡ.

ಗಿಟಾರನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಚುಚ್ಚುವವರೂ ಉಂಟು. ಗಿಟಾರಿಗೆ ಸುಮಾರು ಹತ್ತು ಲಕ್ಷ ಓಮಿನ ಇನ್‌ಪುಟ್ ಬೇಕು. ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝೆಡ್’ ಎಂಬ ಗುಂಡಿ ಇರುವುದು ಇದಕ್ಕಾಗಿ. ಅದಿಲ್ಲದೆ ಸ್ವರ ಮಂಕಾಗುತ್ತದೆ, ಮಂಕಾಯಿತೆಂದು ಗೇನ್ ಏರಿಸುತ್ತೇವೆ, ಏರಿಸಿದಷ್ಟೂ ‘ಸ್ಸ್’ ಏರುತ್ತದೆ. 24 ಬಿಟ್‌ನಲ್ಲಿ ರೆಕಾರ್ಡು ಮಾಡುವುದಾದರೆ ಮೀಟರು ಕೆಂಪು ಮುಟ್ಟಬೇಕೆಂದಿಲ್ಲ. ಜೋರು ನುಡಿಸಿದಾಗ ಮೈನಸ್ 12 ಡೆಸಿಬಲ್ ಆಸುಪಾಸಿಗೆ ಬಂದರೆ ಸಾಕು. ‘ಚಟ್ ಚಟ್’ ಬರುವುದಾದರೆ ಬಫರನ್ನು 128ರಿಂದ 256ಕ್ಕೆ ಏರಿಸಿ. ಸೆಕೆಂಡಿಗೆ 44,100 ಸ್ಯಾಂಪಲಿನ ಲೆಕ್ಕದಲ್ಲಿ 256 ಎಂದರೆ ಆರು ಮಿಲಿಸೆಕೆಂಡಿಗೂ ಕಡಿಮೆ ವಿಳಂಬ, ಬೆರಳಿಗೆ ಗೊತ್ತಾಗುವುದು ಕಷ್ಟ.

ಈಗ ಅರ್ತಿಂಗಿನ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯದ್ದರಲ್ಲಿ ಇದ್ದರೆ, ಎರಡು ಅರ್ತ್ ದಾರಿಗಳು ಮತ್ತು ನಡುವಿನ ಆಡಿಯೋ ಕೇಬಲ್ ಸೇರಿ ಒಂದು ಬಳೆಯಾಗುತ್ತದೆ. ಆ ಬಳೆಯಲ್ಲಿ ಸಣ್ಣ ಕರೆಂಟು ಸುತ್ತಿ ಗುಂಯ್ ಎನ್ನುತ್ತದೆ. ಮೂರನೇ ಪಿನ್ ಮುರಿದರೆ ಬಳೆ ತುಂಡಾಗಿ ಶಬ್ದ ನಿಲ್ಲಬಹುದು, ಹೌದು. ಆದರೆ ಗಿಟಾರಿನ ತಂತಿಗಳು ಕೇಬಲಿನ ಮೂಲಕ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿಗೆ ಸೇರಿಕೊಂಡಿರುತ್ತವೆ. ಒಳಗೆಲ್ಲೋ ಇನ್ಸುಲೇಶನ್ ಕೆಟ್ಟ ದಿನ 230 ವೋಲ್ಟ್ ಭೂಮಿಗೆ ಹೋಗಲು ದಾರಿ ಹುಡುಕುತ್ತದೆ. ಪಿನ್ ಇಲ್ಲದಿದ್ದರೆ ಆ ದಾರಿ ತಂತಿ ಹಿಡಿದ ಕೈಯೇ.

ಇದು ಬರೀ ಹೆದರಿಸುವ ಮಾತಲ್ಲ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇಯಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ, ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಯಾರ್ಡ್‌ಬರ್ಡ್ಸ್ ತಂಡದ ಕೀತ್ ರೆಲ್ಫ್ 1976ರ ಮೇಯಲ್ಲಿ ತನ್ನ ಮನೆಯಲ್ಲೇ, ಅರ್ತ್ ಸರಿಯಿಲ್ಲದ ಗಿಟಾರ್ ನುಡಿಸುವಾಗ ಹೋದರು. ವಯಸ್ಸು 33. ಅವರ ಕಾಲದ ಉಪಕರಣ ಬೇರೆ ಇರಬಹುದು, ಕರೆಂಟು ಅದೇ.

ಸರಿಯಾದ ದಾರಿ ಇಷ್ಟೇ. ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ ಬರುವ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಇಸ್ತ್ರಿ ಪೆಟ್ಟಿಗೆ, ಫ್ರಿಜ್ ಅದಕ್ಕೆ ಬೇಡ. ಆಗಲೂ ಗುಂಯ್ ಇದ್ದರೆ ಗ್ರೌಂಡ್ ಲಿಫ್ಟ್ ಸ್ವಿಚ್ಚಿರುವ ಡಿಐ ಬಾಕ್ಸ್ ಸಿಗುತ್ತದೆ. ಅದು ಆಡಿಯೋ ಕೇಬಲಿನ ಅರ್ತನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನದ್ದನ್ನು ಮುಟ್ಟುವುದಿಲ್ಲ. ಗಿಟಾರ್ ತಂತಿ ಅಥವಾ ಲ್ಯಾಪ್‌ಟಾಪಿನ ಲೋಹ ಮುಟ್ಟಿದಾಗ ಕೈ ಜುಮ್ ಎಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ನಮ್ಮ ಹುಡುಗ ಪುಣ್ಯಕ್ಕೆ ಪಿನ್ ಮುರಿಯಲಿಲ್ಲ, ಎಲೆಕ್ಟ್ರಿಷಿಯನ್ನನ್ನೇ ಕರೆಸಿದ. ಆತ ಟೆಸ್ಟ್ ಲ್ಯಾಂಪಿನ ಒಂದು ತುದಿ ಫೇಸಿಗೆ, ಇನ್ನೊಂದು ಅರ್ತಿಗೆ ಹಿಡಿದ. ಲ್ಯಾಂಪು ಉರಿಯಲೇ ಇಲ್ಲ. ಸಾಕೆಟ್ಟಿಗೆ ಮೂರು ತೂತು ಇತ್ತು, ಹಿಂದೆ ಅರ್ತ್ ವಯರೇ ಜೋಡಿಸಿರಲಿಲ್ಲ! ಆ ಬೋರ್ಡಿಗೆ ಹಾಕಿದ ಚಾರ್ಜರಿನ ಗುಂಯ್ ತಾನೇ ಉಮ್ಮನ ಹಾಡಿಗೆ ಸೇರಿದ್ದು. ಮನೆಯೊಡೆಯರಿಗೆ ಹೇಳಿ ವಯರ್ ಎಳೆಸಿದ, 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಹಾಕಿಸಿದ.

ಮರುದಿನ ಸುಬಹಿಯ ನಂತರ, ಬೀದಿಯಲ್ಲಿ ಆಟೋಗಳು ಶುರುವಾಗುವ ಮೊದಲು, ಫ್ಯಾನ್ ಆರಿಸಿ, ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟು ಮತ್ತೆ ಕೂತರು. ಮೊದಲು ಐದು ಸೆಕೆಂಡು ಬರೀ ಮೌನವನ್ನೇ ರೆಕಾರ್ಡು ಮಾಡಿದ. ಉಳಿದ ಸಣ್ಣ ಶಬ್ದವನ್ನು ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಹದವಾಗಿ ತಗ್ಗಿಸಲು ಆ ಮೌನದ ತುಂಡೇ ಮಾದರಿ. ನಾಲ್ಕರಲ್ಲಿ ಮೂರು ಹಾಡು ಚೆನ್ನಾಗಿ ಬಂದವು. ನಾಲ್ಕನೆಯದರ ನಡುವೆ ಉಮ್ಮನಿಗೆ ಸಾಲು ಮರೆತುಹೋಯಿತು, ನಕ್ಕುಬಿಟ್ಟರು. ಹುಡುಗ ಅದನ್ನು ಅಳಿಸಲಿಲ್ಲ.

ಬಾಡಿಗೆ ರೂಮಿನಲ್ಲಿರುವ ಮಕ್ಕಳೇ, ಗಿಟಾರ್ ಚುಚ್ಚುವ ಮೊದಲು ನಿಮ್ಮ ಬೋರ್ಡಿನ ಅರ್ತ್ ಒಮ್ಮೆ ನೋಡಿಸಿ. ಊರಲ್ಲಿ ಉಮ್ಮ, ಉಪ್ಪ ಇದ್ದರೆ ಮುಂದಿನ ರಜೆಗೆ ಹೋಗುವಾಗ ಆ ಮೈಕನ್ನೂ ಬ್ಯಾಗಿಗೆ ಹಾಕಿಕೊಳ್ಳಿ.